ನೆರೆಯ ಸಂಜೆ ಜಲಾಶಯದ ಅಂಕಿಗಳನ್ನು ಜನರ ಮುಂದೆ ಇಡುವುದು ಹೇಗೆ?

ಪ್ರಶ್ನೆ ಕೇಳಿದವರು: ಅಂಕಿಅಂಶ ಸಹಾಯಕ

ನಾನು ಕಾವೇರಿ ಕೊಳ್ಳದ ಒಂದು ಜಿಲ್ಲೆಯಲ್ಲಿ ಅಂಕಿಅಂಶ ವಿಭಾಗದ ನೌಕರ. ಮಳೆಗಾಲದಲ್ಲಿ ನನ್ನನ್ನು ನೆರೆ ನಿಯಂತ್ರಣ ಕೊಠಡಿಗೆ ನಿಯೋಜಿಸುತ್ತಾರೆ. ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಮತ್ತು ಮಳೆಯ ಪ್ರಮಾಣವನ್ನು ಒಟ್ಟುಗೂಡಿಸಿ ಮೇಲಧಿಕಾರಿಗಳಿಗೂ ಪತ್ರಕರ್ತರಿಗೂ ನದಿಪಾತ್ರದ ಗ್ರಾಮಗಳ ಜನರಿಗೂ ತಿಳಿಸುವುದು ಅಲ್ಲಿ ನನ್ನ ಕೆಲಸ. ಅಂಕಿಗಳನ್ನು ತಪ್ಪಿಲ್ಲದೆ ಕಲೆಹಾಕುವುದು ನನಗೆ ಬರುತ್ತದೆ. ಅವನ್ನು ಜನರ ಮುಂದೆ ಇಡುವುದು ಬರುವುದಿಲ್ಲ ಎಂಬುದು ಎರಡು ಮಳೆಗಾಲಗಳ ಹಿಂದೆ ಒಂದು ಸಂಜೆ ತಿಳಿಯಿತು.

ಅಂದು ಹೊರಹರಿವನ್ನು ಹೆಚ್ಚಿಸುವ ಸೂಚನೆ ಬಂದಿತ್ತು. ನದಿಯಂಚಿನ ಒಂದು ಶಾಲೆಯ ಸಭಾಂಗಣದಲ್ಲಿ ಮೂರು ಗ್ರಾಮಗಳ ಜನ ಸೇರಿದ್ದರು. ಸಿದ್ಧತೆಗೆ ನನಗೆ ದೊರೆತದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಹಾರಂಗಿ, ಹೇಮಾವತಿ, ಕಬಿನಿ ಮತ್ತು ಕೆಆರ್‌ಎಸ್ ಜಲಾಶಯಗಳ ಗರಿಷ್ಠ ಮಟ್ಟ, ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವುಗಳ ಒಂದು ದೊಡ್ಡ ಪಟ್ಟಿಯನ್ನೂ, ಕಳೆದ ಹದಿನೈದು ದಿನಗಳ ಏರಿಳಿತದ ಒಂದು ಗ್ರಾಫನ್ನೂ ಮಾಡಿ ಪರದೆಯ ಮೇಲೆ ತೋರಿಸಿದೆ. ಅದರಲ್ಲಿದ್ದ ಒಂದೊಂದು ಅಂಕಿಯೂ ಸರಿಯಾಗಿತ್ತು. ನಾನು ಮಾತು ಮುಗಿಸಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ತಾಯಿ ಎದ್ದುನಿಂತು, "ಅಪ್ಪಾ, ಈಗ ನಾವು ಮನೆ ಬಿಡಬೇಕೋ, ಬೇಡವೋ?" ಎಂದು ಕೇಳಿದರು. ಅದಕ್ಕೆ ಉತ್ತರ ನನ್ನ ಪರದೆಯ ಮೇಲೆ ಎಲ್ಲಿಯೂ ಇರಲಿಲ್ಲ. ಸಭೆ ಗೊಂದಲದಲ್ಲಿ ಮುಗಿಯಿತು. ಹಗಲಿನಲ್ಲೇ ಹೊರಡಬಹುದಾಗಿದ್ದ ಕೆಲವು ಕುಟುಂಬಗಳು ನಡುರಾತ್ರಿಯ ಮಳೆಯಲ್ಲಿ ಮಕ್ಕಳನ್ನೂ ದನಕರುಗಳನ್ನೂ ಕರೆದುಕೊಂಡು ಕಾಳಜಿ ಕೇಂದ್ರಕ್ಕೆ ಬಂದವು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ, ಆದರೂ ಆ ತಾಯಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಂಕಿಗಳನ್ನು ಸರಳಗೊಳಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು, ಫೋನುಗಳು ಎಡೆಬಿಡದೆ ಬಡಿದುಕೊಳ್ಳುತ್ತಿರುವ ಹೊತ್ತಿನಲ್ಲಿ, ನಿರ್ಧರಿಸುವುದು ಹೇಗೆ? ಕ್ಯುಸೆಕ್, ಟಿಎಂಸಿ ಎಂಬ ಪದಗಳನ್ನೇ ಕೈಬಿಟ್ಟು, "ಸೆಕೆಂಡಿಗೆ ಇಷ್ಟು ಟ್ಯಾಂಕರ್ ನೀರು" ಎಂಬಂತಹ ಹೋಲಿಕೆಗಳನ್ನು ಕೊಡಬೇಕೆ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ನೀರಾವರಿ ಇಂಜಿನಿಯರ್

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ದಯವಿಟ್ಟು ಟ್ಯಾಂಕರಿನ ಹೋಲಿಕೆ ಬೇಡ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಒಂದು ಲಕ್ಷ ಕ್ಯುಸೆಕ್ ಎಂದರೆ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು ಸೆಕೆಂಡಿಗೆ 283ರಂತೆ ಖಾಲಿಯಾದ ಹಾಗೆ. ಇದನ್ನು ಕೇಳಿದವರು ಬೆರಗಾಗುತ್ತಾರೆ, ಹೆದರುತ್ತಾರೆ, ಆದರೆ ತಮ್ಮ ಅಂಗಳಕ್ಕೆ ನೀರು ಬರುತ್ತದೆಯೇ ಎಂಬುದು ಅವರಿಗೆ ಆಗಲೂ ತಿಳಿಯುವುದಿಲ್ಲ. ನಮ್ಮ ನದಿದಂಡೆಯ ರೈತರು ಪ್ರತಿದಿನ ಪತ್ರಿಕೆಯಲ್ಲಿ ಜಲಾಶಯದ ಮಟ್ಟವನ್ನು ನೋಡಿಯೇ ಮುಂದಿನ ಪುಟಕ್ಕೆ ಹೋಗುವವರು. ಟಿಎಂಸಿ, ಕ್ಯುಸೆಕ್ ಅವರ ಮಾತಿನಲ್ಲಿಯೇ ಬೆರೆತುಹೋಗಿವೆ. ಅವರಿಗೆ ಅಪರಿಚಿತವಾದದ್ದು ಮಾಪನದ ಹೆಸರಲ್ಲ. ಆ ಹರಿವಿಗೆ ತಮ್ಮ ಊರಿನಲ್ಲಿ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ಸಂಬಂಧ.

ಈ ಸಂಬಂಧ ನೇರವಾದುದಲ್ಲ. ಹರಿವು ಎರಡರಷ್ಟಾದರೆ ನೀರಿನ ಎತ್ತರ ಎರಡರಷ್ಟಾಗುವುದಿಲ್ಲ, ಏಕೆಂದರೆ ನದಿ ಏರಿದಂತೆ ಅಗಲವೂ ಆಗುತ್ತದೆ, ವೇಗವೂ ಹೆಚ್ಚುತ್ತದೆ. ದಂಡೆ ಮೀರಿದ ಮೇಲಂತೂ ಎತ್ತರ ನಿಧಾನವಾಗಿ ಏರಿದರೂ ಹೊಲಗಳ ಮೇಲೆ ನೀರು ಬಹಳ ದೂರ ಹರಡುತ್ತದೆ. ಆದ್ದರಿಂದ ಪ್ರತಿ ಊರಿಗೂ, ಇಷ್ಟು ಕ್ಯುಸೆಕ್ ಬಿಟ್ಟಾಗ ನೀರು ಇಲ್ಲಿಯವರೆಗೆ ಬಂದಿತ್ತು ಎಂಬ ಹಳೆಯ ದಾಖಲೆಯನ್ನು ಬೇಸಿಗೆಯಲ್ಲಿಯೇ ಕಲೆಹಾಕಿ ಇಟ್ಟುಕೊಳ್ಳಬೇಕು. ಇಪ್ಪತ್ತು ನಿಮಿಷದಲ್ಲಿ ಆಗುವ ಕೆಲಸ ಅದಲ್ಲ. ಒತ್ತಡದ ಹೊತ್ತಿನಲ್ಲಿ ಸ್ಪಷ್ಟವಾಗಿ ಮಾತನಾಡುವವರನ್ನು ನೋಡಿದಾಗ, ಅವರು ಒತ್ತಡವಿಲ್ಲದ ತಿಂಗಳುಗಳಲ್ಲಿ ಏನನ್ನು ಸಿದ್ಧಪಡಿಸಿಕೊಂಡಿದ್ದರು ಎಂದು ನಾನು ಮೊದಲು ವಿಚಾರಿಸುತ್ತಿದ್ದೆ.

ನಿಮ್ಮ ಪಟ್ಟಿಯ ವಿಷಯದಲ್ಲಿ ಒಂದು ಮಾತು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ಆ ಅಣೆಕಟ್ಟೆಯದೇ ಸ್ಥಳೀಯ ಅಳತೆ. ಕಬಿನಿಯ 2,284 ಅಡಿ, ಹೇಮಾವತಿಯ 2,922 ಅಡಿ, ಹಾರಂಗಿಯ 2,859 ಅಡಿ ಎನ್ನುವುವು ಸಮುದ್ರಮಟ್ಟದಿಂದ ಅಳೆದವು. ಇವೆಲ್ಲವನ್ನೂ ಒಂದೇ ಕಂಬಸಾಲಿನಲ್ಲಿ ಇಟ್ಟರೆ, 49.45 ಟಿಎಂಸಿಯ ಕೆಆರ್‌ಎಸ್ ಚಿಕ್ಕ ಕಟ್ಟೆಯಂತೆಯೂ 8.5 ಟಿಎಂಸಿಯ ಹಾರಂಗಿ ದೈತ್ಯ ಜಲಾಶಯದಂತೆಯೂ ಕಾಣುತ್ತದೆ. ಅಂಕಿಗಳು ನಿಜ, ಕಂಬಸಾಲು ಮಾತ್ರ ಸುಳ್ಳು ಹೇಳುತ್ತದೆ. ಅದೇ ರೀತಿ, ಕೆಆರ್‌ಎಸ್‌ನಲ್ಲಿ ನೀರು 100 ಅಡಿಗೆ ಬಂದಾಗ ಐದರಲ್ಲಿ ನಾಲ್ಕು ಪಾಲು ತುಂಬಿತೆಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಆಗ ಸಂಗ್ರಹ ಅರ್ಧಕ್ಕಿಂತ ಕಡಿಮೆ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಕೊನೆಯ ಇಪ್ಪತ್ತೈದು ಅಡಿಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ನೀರು ನಿಲ್ಲುತ್ತದೆ.

ಇನ್ನೊಂದನ್ನು ಗಮನಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಲಕ್ಷ ಕ್ಯುಸೆಕ್‌ನಷ್ಟು ನೀರನ್ನು ನದಿಗೆ ಬಿಡಬೇಕಾಯಿತು. ಒಂದು ವಾರದೊಳಗೆ ಅಲ್ಲಿ ತಾತ್ಕಾಲಿಕ ತಡೆ ಫಲಕಗಳನ್ನು ಇಳಿಸಿ ಹರಿವನ್ನು ನಿಲ್ಲಿಸಿದರು. ಆ ದಿನಗಳಲ್ಲಿ ಒಂದೇ ಅಂಕಿಯನ್ನು ಇಬ್ಬರು ಬೇರೆ ಬೇರೆ ಭಯದಿಂದ ಓದುತ್ತಿದ್ದರು. ನದಿದಂಡೆಯವರಿಗೆ ಅದು ನೆರೆಯ ಅಂಕಿ. ಕಾಲುವೆಯ ಕೊನೆಯಂಚಿನ ರೈತನಿಗೆ ಅದು ಕೈತಪ್ಪಿಹೋಗುತ್ತಿರುವ ಬೆಳೆಯ ಅಂಕಿ. ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಸಮಾಧಾನಪಡಿಸಲು ಸಾಧ್ಯವಿಲ್ಲ. ನಿಮ್ಮೆದುರು ಕುಳಿತವರು ಯಾರು ಎಂದು ಮೊದಲು ನೋಡಿ, ಅವರ ಅಂಕಿಯನ್ನು ಮಾತ್ರ ಹೇಳಿ. ಉಳಿದ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ಬೇಕಾದವರು ನೋಡುತ್ತಾರೆ, ಮುಚ್ಚಿಟ್ಟಂತೆಯೂ ಆಗುವುದಿಲ್ಲ.

ಉತ್ತರ: ಕಪಿಲಾ ತೀರ

ನಾನು ನಂಜನಗೂಡಿನ ಕಡೆಯವನು, ಶಾಲಾ ಶಿಕ್ಷಕ. ಇಂಜಿನಿಯರ್ ಅವರ ಮಾತನ್ನು ದಂಡೆಯ ಮೇಲೆ ನಿಂತು ಕೇಳುವವನಾಗಿ ಅನುಮೋದಿಸುತ್ತೇನೆ. ನಮ್ಮಲ್ಲಿ ಕಬಿನಿಯಿಂದ ಹೆಚ್ಚು ನೀರು ಬಿಟ್ಟರು ಎಂಬ ಸುದ್ದಿ ಬಂದೊಡನೆ ಜನ ಕೇಳುವುದು, "ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ?" ಎಂದು. ಸ್ನಾನಘಟ್ಟದ ಬಳಿಯಿರುವ ಆ ಮಂಟಪವೇ ನಮ್ಮ ಅಳತೆಗೋಲು. ಹಂಪಿಯವರು ಪುರಂದರ ಮಂಟಪವನ್ನು ನೋಡುತ್ತಾರೆ, ಶ್ರೀರಂಗಪಟ್ಟಣದವರು ವೆಲ್ಲೆಸ್ಲಿ ಸೇತುವೆಯನ್ನು ನೋಡುತ್ತಾರೆ, ಲಿಂಗಸುಗೂರಿನ ಕೃಷ್ಣಾ ತೀರದವರು ಶೀಲಹಳ್ಳಿ ಸೇತುವೆಯನ್ನು ನೋಡುತ್ತಾರೆ. ಪ್ರತಿ ಊರಿನವರೂ ತಮ್ಮ ಅಜ್ಜಂದಿರ ಕಾಲದಿಂದ ಒಂದು ಕಲ್ಲನ್ನೋ ಮೆಟ್ಟಿಲನ್ನೋ ಗುರುತಿಟ್ಟುಕೊಂಡಿದ್ದಾರೆ. ನಿಮ್ಮ ಗ್ರಾಫಿನ ಲಂಬರೇಖೆಯ ಮೇಲೆ ಅಡಿಗಳ ಪಕ್ಕದಲ್ಲಿ ಆ ಕಲ್ಲಿನ ಹೆಸರನ್ನು ಬರೆದರೆ ಸಾಕು, ಗ್ರಾಫನ್ನೇ ಓದದವರೂ ಓದುತ್ತಾರೆ.

ನನ್ನ ದೂರು ಬೇರೆಯದು. ಎಚ್ಚರಿಕೆಯ ಪ್ರಕಟಣೆಗಳಲ್ಲಿ ಪ್ರತಿ ಸಲವೂ "ಯಾವುದೇ ಕ್ಷಣದಲ್ಲಿ ನೀರು ಬಿಡುವ ಸಂಭವವಿದ್ದು, ತಗ್ಗು ಪ್ರದೇಶದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು" ಎಂಬ ಒಂದೇ ವಾಕ್ಯವಿರುತ್ತದೆ. ಯಾವುದೇ ಕ್ಷಣ ಎಂದರೆ ಯಾವ ಕ್ಷಣವೂ ಅಲ್ಲ ಎಂದು ಜನ ತಿಳಿಯುತ್ತಾರೆ. ತನ್ನ ಮನೆ ತಗ್ಗು ಪ್ರದೇಶದಲ್ಲಿದೆ ಎಂದು ಒಪ್ಪಿಕೊಳ್ಳುವವರನ್ನು ನಾನು ಇದುವರೆಗೆ ಕಂಡಿಲ್ಲ. ಎಲ್ಲರಿಗೂ ತಮಗಿಂತ ಕೆಳಗಿನ ಬೀದಿಯೇ ತಗ್ಗು. ಬೀದಿಯ ಹೆಸರನ್ನು ಹೇಳಿ. ದೇವಸ್ಥಾನದ ಹಿಂದಿನ ಬೀದಿ, ಮಡಿವಾಳರ ಕಟ್ಟೆಯ ಸಾಲು, ಹೊಸ ಬಡಾವಣೆಯ ಕೆಳಗಿನ ಎರಡು ಅಡ್ಡರಸ್ತೆಗಳು ಎಂದು ಹೇಳಿದರೆ ಯಾರೂ ಚರ್ಚೆ ಮಾಡದೆ ಗಂಟುಮೂಟೆ ಕಟ್ಟುತ್ತಾರೆ.

ಉತ್ತರ: ಬುಲೆಟಿನ್ ಬರೆದವರು

ನಾನು ನೀರಿನ ಕ್ಷೇತ್ರದವಳಲ್ಲ. ಕೋವಿಡ್ ಕಾಲದಲ್ಲಿ ಒಂದು ಜಿಲ್ಲೆಯ ದೈನಂದಿನ ಆರೋಗ್ಯ ಪ್ರಕಟಣೆಯನ್ನು ಸಿದ್ಧಪಡಿಸುವ ತಂಡದಲ್ಲಿದ್ದೆ. ಅಲ್ಲಿ ಮಾಡಿದ ತಪ್ಪುಗಳಿಂದ ಕಲಿತದ್ದರಲ್ಲಿ ಮೂರು ನಾಲ್ಕು ಸಂಗತಿಗಳು ಇಲ್ಲಿಗೆ ಅನ್ವಯಿಸಬಹುದು.

2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ವರದಿಯಾದವು. ಅಂತಹ ದಿನಗಳಲ್ಲಿ ನಮ್ಮ ಪುಟದ ಮೊದಲ ಸಾಲಿನಲ್ಲಿ ಸೋಂಕು ಆರಂಭವಾದಂದಿನಿಂದ ಆ ದಿನದವರೆಗಿನ ಒಟ್ಟು ಪ್ರಕರಣಗಳ ಸಂಖ್ಯೆಯಿರುತ್ತಿತ್ತು. ಅದು ಏರುವುದೇ ಹೊರತು ಇಳಿಯಲಾರದ ಸಂಖ್ಯೆ. ಅದರಿಂದ ಮನೆಯಲ್ಲಿ ಕುಳಿತವರಿಗೆ ಹೆದರಿಕೆಯಾಗುತ್ತಿತ್ತು, ಹಾಸಿಗೆ ಸಿಗುತ್ತದೆಯೇ ಎಂದು ಓಡಾಡುತ್ತಿದ್ದವರಿಗೆ ಏನೂ ಸಿಗುತ್ತಿರಲಿಲ್ಲ. ಭಾನುವಾರ ಪರೀಕ್ಷೆಗಳು ಕಡಿಮೆಯಾದ ಕಾರಣ ಅದರ ಬೆನ್ನಿಗೆ ಪ್ರಕರಣಗಳು ಕಡಿಮೆಯಾದಂತೆ ಕಂಡು, ಸೋಂಕು ಇಳಿಯಿತೆಂದು ಜನ ನಿಟ್ಟುಸಿರು ಬಿಟ್ಟದ್ದೂ ಉಂಟು. ಎಷ್ಟು ಪರೀಕ್ಷೆಗಳಲ್ಲಿ ಎಷ್ಟು ಪ್ರಕರಣ ಎಂಬುದನ್ನು ಜೊತೆಯಲ್ಲಿಯೇ ಹೇಳದೆ ಹೋದದ್ದು ನಮ್ಮ ದೋಷ. ನಿಮ್ಮಲ್ಲಿಯೂ ಮಳೆಯ ಅಂಕಿಗೆ ಇದೇ ಅಪಾಯವಿದೆ. "204 ಮಿಲಿಮೀಟರ್ ಮಳೆ" ಎಂದಾಗ ಅದು ಒಂದು ದಿನದ್ದೋ, ವಾರದ್ದೋ, ಜೂನ್‌ನಿಂದ ಇಲ್ಲಿಯವರೆಗಿನದೋ ಎಂಬುದನ್ನು ಅದೇ ಉಸಿರಿನಲ್ಲಿ ಹೇಳದಿದ್ದರೆ ಅದು ಅಂಕಿಯೇ ಅಲ್ಲ.

"ದುಪ್ಪಟ್ಟು" ಎಂಬ ಪದದ ವಿಷಯದಲ್ಲಿ ಎಚ್ಚರವಿರಲಿ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು, ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡರಷ್ಟಾಗುತ್ತದೆ ಎಂದು ಎಚ್ಚರಿಸಿತು. ಏಳು ಸಾವಿರ ಮಹಿಳೆಯರಲ್ಲಿ ಒಬ್ಬರಿಗೆ ಇದ್ದ ಅಪಾಯ ಇಬ್ಬರಿಗೆ ಆಗುತ್ತದೆ ಎಂಬುದು ಅದರ ತಿರುಳು. ಜನರಿಗೆ ತಲುಪಿದ್ದು "ನೂರಕ್ಕೆ ನೂರು ಹೆಚ್ಚಳ" ಎಂಬುದು ಮಾತ್ರ. ಅನೇಕ ಮಹಿಳೆಯರು ಭಯದಿಂದ ಮಾತ್ರೆಯನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಾದವೆಂಬ ಅಂದಾಜಿದೆ. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯಿಂದಾಗುವುದಕ್ಕಿಂತಲೂ ಹೆಚ್ಚು ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. "ಹೊರಹರಿವು ದುಪ್ಪಟ್ಟು" ಎಂಬ ಶೀರ್ಷಿಕೆಯೂ ಅಂತಹುದೇ. ಐದು ಸಾವಿರ ಕ್ಯುಸೆಕ್ ಹತ್ತು ಸಾವಿರವಾದರೂ ದುಪ್ಪಟ್ಟೇ, ಐವತ್ತು ಸಾವಿರ ಒಂದು ಲಕ್ಷವಾದರೂ ದುಪ್ಪಟ್ಟೇ. ಮೊದಲನೆಯದಕ್ಕೆ ಯಾರೂ ಕದಲಬೇಕಾಗಿಲ್ಲ.

ಗ್ರಾಫಿನ ಬಗ್ಗೆ ಚಿಕ್ಕ ಮಾತು. ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಅಳತೆ ಇರುವ ಚಿತ್ರವನ್ನು ಜನರ ಸಭೆಗೆ ಒಯ್ಯಬೇಡಿ. ಎರಡು ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದು ನೀವು ಆರಿಸಿದ ಅಳತೆಯನ್ನು ಅವಲಂಬಿಸಿರುತ್ತದೆ. ಜನ ಮಾತ್ರ ಆ ಬಿಂದುವಿನಲ್ಲಿ ಏನೋ ಸಂಭವಿಸಿತೆಂದು ನಂಬುತ್ತಾರೆ.

ಮತ್ತೆ ಪ್ರಶ್ನೆ ಕೇಳಿದವರು: ಅಂಕಿಅಂಶ ಸಹಾಯಕ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಗ್ರಾಫಿನಲ್ಲಿ ಎಡಬಲ ಎರಡೂ ಕಡೆ ಅಳತೆಗಳಿದ್ದವು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಒಂದು ಸಂದೇಹ ಉಳಿದಿದೆ. ಮೇಲಿನ ಪ್ರದೇಶದಲ್ಲಿ ಮಳೆ ಎಷ್ಟು ಬೀಳುತ್ತದೆ ಎಂಬುದರ ಮೇಲೆ ರಾತ್ರಿಯ ಹೊರಹರಿವು ನಿಂತಿರುತ್ತದೆ. ಆದ್ದರಿಂದ ನನ್ನ ಬಳಿ ನಿಜವಾಗಿ ಇರುವುದು ಒಂದು ಅಂಕಿಯಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ಒಂದು ವ್ಯಾಪ್ತಿ. ಮೇಲಧಿಕಾರಿಗಳು, "ಒಂದೇ ಅಂಕಿ ಕೊಡಿ, ಇಲ್ಲದಿದ್ದರೆ ನಮಗೇ ಏನೂ ತಿಳಿಯದು ಎಂದು ಜನ ಭಾವಿಸುತ್ತಾರೆ" ಎನ್ನುತ್ತಾರೆ. ಅವರ ಆತಂಕವೂ ಸುಳ್ಳಲ್ಲ. ಏನು ಮಾಡಬೇಕು?

ಉತ್ತರ: ಮಿನ್ನೆಸೋಟದಿಂದ

ನಾನು ಹಾಸನ ಜಿಲ್ಲೆಯವನು, ಈಗ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಜಲವಿಜ್ಞಾನದ ಕೆಲಸದಲ್ಲಿದ್ದೇನೆ. ನಿಮ್ಮ ಸಂದೇಹಕ್ಕೆ ಉತ್ತರ ನಮ್ಮ ರಾಜ್ಯದ ಪಶ್ಚಿಮ ಗಡಿಯಲ್ಲಿ ಹರಿಯುವ ರೆಡ್ ನದಿಯಲ್ಲಿದೆ. 1997ರ ವಸಂತದಲ್ಲಿ, ಹಿಂದಿನ ಚಳಿಗಾಲದ ಭಾರೀ ಹಿಮ ಕರಗಿ ಆ ನದಿಗೆ ನೆರೆ ಬರುವುದೆಂದು ಮೊದಲೇ ತಿಳಿದಿತ್ತು. ನದಿಯ ಆಚೆ ದಡದಲ್ಲಿ, ನಾರ್ತ್ ಡಕೋಟಾದಲ್ಲಿರುವ ಗ್ರ್ಯಾಂಡ್ ಫೋರ್ಕ್ಸ್ ನಗರಕ್ಕೆ ಹವಾಮಾನ ಸೇವೆಯು ವಾರಗಟ್ಟಲೆ ಮುಂಚೆಯೇ 49 ಅಡಿ ಎಂಬ ಅಂಕಿಯನ್ನು ಕೊಟ್ಟಿತು. ಜನ ಆ ಅಂಕಿಯನ್ನು ನಂಬಿದರು. ಹಗಲಿರುಳು ಮರಳು ಚೀಲಗಳನ್ನು ತುಂಬಿ, ಅದಕ್ಕಿಂತ ಎರಡು ಮೂರು ಅಡಿ ಹೆಚ್ಚಾಗಿಯೇ ಏರಿಗಳನ್ನು ಎತ್ತರಿಸಿಕೊಂಡರು. ಏಪ್ರಿಲಿನಲ್ಲಿ ನದಿ 54 ಅಡಿಯನ್ನು ಮೀರಿ ಏರಿತು. ಐವತ್ತು ಸಾವಿರದಷ್ಟು ಜನರಿದ್ದ ನಗರ ಬಹುಮಟ್ಟಿಗೆ ಖಾಲಿಯಾಗಬೇಕಾಯಿತು.

ಮುನ್ಸೂಚನೆ ತಪ್ಪಿದ್ದು ಅಲ್ಲಿನ ದೊಡ್ಡ ದೋಷವಲ್ಲ ಎಂಬುದು ನನ್ನ ಅಭಿಪ್ರಾಯ. ನದಿಯ ಮುನ್ಸೂಚನೆಗಳು ಕೆಲವು ಅಡಿ ತಪ್ಪುವುದು ಬಲ್ಲವರಿಗೆ ತಿಳಿದ ಸಂಗತಿಯೇ ಆಗಿತ್ತು. ಅದು ಜನರಿಗೆ ತಲುಪಲಿಲ್ಲ. 49 ಎಂಬ ಒಂಟಿ ಅಂಕಿಯನ್ನು ಕೆಲವರು ನದಿ ಮೀರಲಾರದ ಮಿತಿ ಎಂದು ಓದಿದರು, ಇನ್ನು ಕೆಲವರು ಅದರ ಸುತ್ತ ತಮಗೆ ತೋಚಿದಷ್ಟು ಅಂತರವನ್ನು ತಾವೇ ಊಹಿಸಿಕೊಂಡರು. ನೀವು ವ್ಯಾಪ್ತಿಯನ್ನು ಹೇಳದಿದ್ದರೆ ಕೇಳುವವರು ತಮ್ಮದೇ ಒಂದು ವ್ಯಾಪ್ತಿಯನ್ನು ಕಟ್ಟಿಕೊಳ್ಳುತ್ತಾರೆ, ಅದು ನಿಮ್ಮದಕ್ಕಿಂತ ಕೆಟ್ಟದಾಗಿರುತ್ತದೆ.

ಆದರೆ ವ್ಯಾಪ್ತಿಯನ್ನು ಹೇಳುವ ಕ್ರಮವಿದೆ. "ಐವತ್ತರಿಂದ ಎಂಬತ್ತು ಸಾವಿರ ಕ್ಯುಸೆಕ್" ಎಂದು ಮಾತ್ರ ಹೇಳಿದರೆ ಪ್ರತಿಯೊಬ್ಬರೂ ತಮಗೆ ಅನುಕೂಲವಾದ ತುದಿಯನ್ನು ಆರಿಸಿಕೊಳ್ಳುತ್ತಾರೆ. ಅದರ ಬದಲು, "ಐವತ್ತು ಸಾವಿರವಾಗಬಹುದೆಂದು ನಿರೀಕ್ಷಿಸಿದ್ದೇವೆ, ಎಂಬತ್ತು ಸಾವಿರಕ್ಕೆ ಸಿದ್ಧರಾಗಿ, ರಾತ್ರಿ ಹತ್ತು ಗಂಟೆಗೆ ಮತ್ತೆ ಹೇಳುತ್ತೇವೆ" ಎಂದು ಹೇಳಿ ನೋಡಿ. ನಿರೀಕ್ಷೆಯ ಅಂಕಿ ಬೇರೆ, ಸಿದ್ಧತೆಯ ಅಂಕಿ ಬೇರೆ ಎಂಬುದು ರೈತನಿಗೆ ಹೊಸದಲ್ಲ. ಮೋಡ ನೋಡಿ ಬಿತ್ತುವವನು ಅದೇ ಲೆಕ್ಕದಲ್ಲಿ ಬದುಕುತ್ತಾನೆ. ಹತ್ತು ಗಂಟೆಗೆ ಹೇಳುತ್ತೇವೆ ಎಂದ ಮೇಲೆ, ಹೊಸದೇನೂ ಇಲ್ಲದಿದ್ದರೂ ಹತ್ತು ಗಂಟೆಗೆ ಹೇಳಲೇಬೇಕು. "ಬದಲಾವಣೆಯಿಲ್ಲ" ಎಂಬುದೂ ಒಂದು ಮಾಹಿತಿ. ಅದು ಬಾರದಿದ್ದರೆ ಆ ಜಾಗವನ್ನು ವಾಟ್ಸ್‌ಆ್ಯಪ್‌ನ ಹಳೆಯ ವಿಡಿಯೋಗಳು ತುಂಬುತ್ತವೆ. ಅಂಕಿ ಬದಲಾದರೆ ಅದನ್ನು ಮೊದಲ ವಾಕ್ಯದಲ್ಲಿಯೇ, "ಸಂಜೆ ಇಷ್ಟು ಎಂದಿದ್ದೆವು, ಈಗ ಇಷ್ಟು" ಎಂದು ನೇರವಾಗಿ ಹೇಳಿ.

ಮತ್ತೆ ಪ್ರಶ್ನೆ ಕೇಳಿದವರು: ಅಂಕಿಅಂಶ ಸಹಾಯಕ

ನಿಮ್ಮೆಲ್ಲರ ಮಾತುಗಳನ್ನು ಎದುರಿಗಿಟ್ಟುಕೊಂಡು ಒಂದು ಕರಡನ್ನು ಬರೆದಿದ್ದೇನೆ. ಅಂಕಿಗಳೂ ಗುರುತುಗಳೂ ಉದಾಹರಣೆಗೆ ಮಾತ್ರ. ಧ್ವನಿವರ್ಧಕದಲ್ಲಿ ಓದಿದಾಗ ಒಂದು ನಿಮಿಷ ಮೀರಬಾರದು ಎಂಬುದು ನನ್ನ ಉದ್ದೇಶ.

"ನದಿಬೀದಿ ಮತ್ತು ಹಳೆ ಸಂತೆಮಾಳದ ಕೆಳಗಿನ ಎರಡು ಸಾಲಿನ ಮನೆಗಳವರು ಕತ್ತಲಾಗುವ ಮೊದಲು, ಸಂಜೆ ಆರು ಗಂಟೆಯೊಳಗೆ, ಪ್ರೌಢಶಾಲೆಯ ಕಾಳಜಿ ಕೇಂದ್ರಕ್ಕೆ ಬರಬೇಕು. ದನಕರುಗಳಿಗೆ ಎಪಿಎಂಸಿ ಅಂಗಳದಲ್ಲಿ ವ್ಯವಸ್ಥೆಯಿದೆ. ಉಳಿದ ಬೀದಿಗಳವರು ಈಗ ಮನೆ ಬಿಡಬೇಕಾಗಿಲ್ಲ. ಜಲಾಶಯದಿಂದ ಈಗ ಮೂವತ್ತು ಸಾವಿರ ಕ್ಯುಸೆಕ್ ಬಿಡುತ್ತಿದ್ದಾರೆ. ರಾತ್ರಿ ಐವತ್ತು ಸಾವಿರವಾಗಬಹುದು. ಎಂಬತ್ತು ಸಾವಿರಕ್ಕೆ ಸಿದ್ಧರಾಗಿದ್ದೇವೆ. ಐವತ್ತು ಸಾವಿರಕ್ಕೆ ನೀರು ಸೋಪಾನಕಟ್ಟೆಯ ಮೇಲಿನ ಮೆಟ್ಟಿಲಿಗೆ ಬರುತ್ತದೆ. ಎಂಬತ್ತು ಸಾವಿರಕ್ಕೆ ನದಿಬೀದಿಯ ಬಾಗಿಲುಗಳನ್ನು ಮುಟ್ಟುತ್ತದೆ. ಹೆಚ್ಚಿದ ನೀರು ನಮ್ಮ ಊರನ್ನು ತಲುಪುವುದು ಬುಧವಾರ ರಾತ್ರಿ 2 ಗಂಟೆಯ ಹೊತ್ತಿಗೆ. ಮುಂದಿನ ಪ್ರಕಟಣೆ ಇಂದು ರಾತ್ರಿ 10 ಗಂಟೆಗೆ."

ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಮೊದಲ ವಾಕ್ಯದಲ್ಲಿಯೇ ಇಟ್ಟಿದ್ದೇನೆ. ಕ್ಯುಸೆಕ್ ಅನ್ನು ಬಿಟ್ಟಿಲ್ಲ. ಏನಾದರೂ ಲೋಪವಿದ್ದರೆ ತಿದ್ದಿ.

ಉತ್ತರ: ನಿವೃತ್ತ ನೀರಾವರಿ ಇಂಜಿನಿಯರ್

ಚೆನ್ನಾಗಿದೆ. "ಉಳಿದ ಬೀದಿಗಳವರು ಈಗ ಮನೆ ಬಿಡಬೇಕಾಗಿಲ್ಲ" ಎಂಬ ವಾಕ್ಯವನ್ನು ಸಮಯ ಸಾಲದೆಂದು ಯಾರೇ ಕತ್ತರಿಸಲು ಹೇಳಿದರೂ ಒಪ್ಪಬೇಡಿ. ಎಲ್ಲರೂ ಒಮ್ಮೆಲೇ ಹೊರಟರೆ ಹೋಗಲೇಬೇಕಾದವರಿಗೆ ದಾರಿ ಸಿಗುವುದಿಲ್ಲ.

ಉತ್ತರ: ಕಪಿಲಾ ತೀರ

ಒಂದು ತಿದ್ದುಪಡಿ ಅಗತ್ಯವೆನಿಸುತ್ತದೆ. "ಬುಧವಾರ ರಾತ್ರಿ 2 ಗಂಟೆ" ಎಂದರೆ ನಮ್ಮ ಕಡೆ ಬುಧವಾರದ ಹಗಲು ಕಳೆದು ಬರುವ ರಾತ್ರಿ. ಕಚೇರಿಯ ಗಡಿಯಾರದಲ್ಲಿ ಅದು ಗುರುವಾರದ 2 ಗಂಟೆ. ಆದರೆ ಮಂಗಳವಾರ ಮಲಗಿ ಎದ್ದರೆ ಬರುವುದು ಬುಧವಾರದ 2 ಗಂಟೆ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಒಂದೇ ವಾಕ್ಯವನ್ನು ಎರಡು ಮನೆಗಳವರು ಇಡೀ ಒಂದು ದಿನದ ಅಂತರದಲ್ಲಿ ಅರ್ಥಮಾಡಿಕೊಳ್ಳುತ್ತಾರೆ. "ಬುಧವಾರ ರಾತ್ರಿ ಊಟವಾದ ಮೇಲೆ, ಗುರುವಾರ ಬೆಳಕು ಹರಿಯುವ ಮುನ್ನ, 2 ಗಂಟೆಯ ಹೊತ್ತಿಗೆ" ಎಂದು ಬರೆಯಿರಿ. ಆಗ ಧ್ವನಿವರ್ಧಕದಲ್ಲಿ ನಾಲ್ಕು ಸೆಕೆಂಡು ಹೆಚ್ಚು ಹಿಡಿಯಬಹುದು, ಹಿಡಿಯಲಿ.